ಹರಳೆಣ್ಣೆ ಸುರಿದ ಮದ್ದು

ಒಬ್ಬ ಶ್ರೀಮಂತ ಇದ್ದನಂತೆ. ಯಾವೂರು ಅಂತ ಕೇಳಬೇಡಿ, ನಿಮ್ಮೂರೇ ಅಂದ್ಕೊಳ್ಳಿ. ಸೊಂಟಕ್ಕೆ ಬೆಳ್ಳಿ ಉಡಿದಾರ, ಉಡಿದಾರದ ಅಡಿಯಲ್ಲಿ ಹುಳುಕಡ್ಡಿ! ಸಭೆಯಲ್ಲಿ ಕೆರೆಯೋ ಹಾಗಿಲ್ಲ, ಕೆರೆಯದೆ ಇರೋ ಹಾಗೂ ಇಲ್ಲ. ನಗಬೇಡಿ, ನಗೋರಲ್ಲಿ ಎಷ್ಟು ಜನ ಕೆರೀತಿದ್ದೀರೋ ಶಿವನಿಗೇ ಗೊತ್ತು.

ಅವನ ತಂಗಿ ಮಗಳು ಔಷಧಿ ಸಂಶೋಧನೆ ಮಾಡೋಳು. ಮುಲಾಮು ಚರ್ಮದ ಮೇಲೇ ಕೂರುತ್ತೆ, ರೋಗದ ಬೇರು ಒಳಗಿರುತ್ತೆ. ಇಳಿಸೋದು ಹ್ಯಾಗೆ? ಎಣ್ಣೆ, ನೀರು, ಎರಡನ್ನೂ ಕೂಡಿಸೋ ಸೋಪಿನಂಥ ವಸ್ತು, ಇಷ್ಟನ್ನೂ ಅಳೆದು ಬೆರೆಸಬೇಕು. ಅಳತೆ ತಪ್ಪಿದರೆ ಎಣ್ಣೆ ಒಂದು ಕಡೆ, ನೀರು ಒಂದು ಕಡೆ! ವರ್ಷಗಟ್ಟಲೆ ಕೆಡಿಸಿ, ಚೆಲ್ಲಿ, ಅತ್ತು, ಕೊನೆಗೆ ಹದ ಹಿಡಿದಳು. ಮೈಕ್ರೋಎಮಲ್ಷನ್ ಅಂತ ಹೆಸರು. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಮದ್ದನ್ನು ಹೊತ್ತು ಚರ್ಮದೊಳಕ್ಕೆ ಇಳೀತವೆ. ನೋಡೋಕೆ ಮಾತ್ರ ತಿಳಿನೀರು. ಡಾಕ್ಟರೂ ಒಪ್ಪಿದರು.

"ಮಾವ, ಬರೀ ಇದನ್ನೇ ಹಚ್ಚಿ. ಏನೂ ಬೆರೆಸಬೇಡಿ, ಇದು ಅಂಟೋ ರೋಗ, ನಿಮ್ಮ ಟವೆಲ್ ಬೇರೆ ಇಡಿ" ಅಂತ ಹೇಳಿಹೇಳಿ ಕೊಟ್ಟಳು.

ಈ ಮಹಾಶಯ ಸೀಸೆ ನೋಡಿದ. ಉರಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಇದೆಂಥ ಮದ್ದು? ಶಕ್ತಿ ಬರಲಿ ಅಂತ ಹರಳೆಣ್ಣೆ ಸುರಿದ, ಅರಿಶಿನ ಕಲಸಿದ. ಟವೆಲ್? ಮನೆಯೋರಿಗೆಲ್ಲ ಒಂದೇ!

ಸ್ವಲ್ಪ ದಿನಕ್ಕೆ ಮೊಮ್ಮಗಳ ತಲೆಯಲ್ಲಿ ರೂಪಾಯಿಯಗಲ ಕೂದಲು ಉದುರಿತು. ಶಾಲೆಯಲ್ಲಿ ಅವಳ ಪಕ್ಕ ಯಾರೂ ಕೂರಲ್ಲ. ಇವನು ತಂಗಿ ಮಗಳ ಮೇಲೆ ಹರಿಹಾಯ್ದ, "ನಿನ್ನ ಮದ್ದು ಬರೀ ನೀರು ಕಣೇ!"

ಅವಳು ಸೀಸೆ ಎತ್ತಿದಳು. ಮೇಲೆ ಎಣ್ಣೆ, ಕೆಳಗೆ ನೀರು, ತಳದಲ್ಲಿ ಅರಿಶಿನದ ಗಸಿ.

"ಮಾವ, ಇದು ನನ್ನ ಮದ್ದಲ್ಲ, ನಿಮ್ಮ ಒಗ್ಗರಣೆ. ಎಷ್ಟು ಸಲ ಬಡ್ಕೊಂಡೆ! ನಿಮ್ಮ ಜಾಣತನಕ್ಕೆ ಕೂಸು ಅನುಭವಿಸಬೇಕಾ?"

ಅಷ್ಟರಲ್ಲಿ ಮಗು ಬಂದು, "ತಾತ, ನಾನೇನು ತಪ್ಪು ಮಾಡಿದೆ?" ಅಂತು. ಅವನು ಅವಳನ್ನ ಎತ್ಕೊಂಡು ಡಾಕ್ಟರ ಹತ್ರ ನಡೆದ.

ಅವನನ್ನ ಬಿಡಿ. ನಿಮ್ಮದೇನು? ಹುಳುಕಡ್ಡಿ ಇದ್ದೋರು ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ, ಅದು ಸುಲಭ. ನಾನು ಕೊಡೋ ಮದ್ದೂ ಒಂದಿದೆ: ಹಗೆ ಬಿಡಿ ಅಂತ ಈ ಮಠದಲ್ಲಿ ಕೂತು ವರ್ಷವರ್ಷ ಹೇಳ್ತೀನಿ, ತಲೆದೂಗ್ತೀರಿ. ಮನೆ ಮುಟ್ಟೋದರೊಳಗೆ ನಿಮ್ಮದೊಂದು ಬೆರೆಸ್ತೀರಿ: "ಬಿಡ್ತೀನಿ ಸ್ವಾಮಿ, ಆದರೆ ತಮ್ಮ ಮೊದಲು ಬರಲಿ." ಈ 'ಆದರೆ' ಯಾರು ಹೇಳಿಕೊಟ್ಟರು ನಿಮಗೆ? ಇವತ್ತೇ ತಮ್ಮನ ಮನೆಗೆ ಹೋಗಿ. ಹೋಗಿ, ಅಷ್ಟೇ. ನಿಮ್ಮ ಮಗ ಚಿಕ್ಕಪ್ಪನ ಮಗನ ಜೊತೆ ಆಡೋದು ಆಗಲೇ ಬಿಟ್ಟಿದ್ದಾನೆ. ನೋಡಿದ್ದೀರಾ?