ಯಜಮಾನರ ಶಾಲಿನಿಂದ ಬಂದ ಲಿಂಬೆಹಣ್ಣು

ಅದನ್ನೇ ನಾನು ಹೇಳುವುದು ಮಕ್ಕಳೇ, ಜಾದೂ ಅಂದ್ರೆ ಮೊಬೈಲಲ್ಲಿ ಬೆರಳಾಡಿಸಿ ನೋಡುವಂಥದ್ದಲ್ಲ. ಎದುರಿಗೆ ಜನ ಕೂತಿರ್ತಾರೆ, ಹಿಡಿಸದಿದ್ರೆ ಎದ್ದು ಹೋಗ್ತಾರೆ. ನಿಮ್ಮ ಅಜ್ಜನ ಆಟದಿಂದ ಎದ್ದು ಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಕಕ್ಕಿಂಜೆಯಲ್ಲಿ. ಅಲ್ಲ, ಕಕ್ಕಿಂಜೆಯಲ್ಲಿ ಮಳೆ ಬಂದದ್ದು. ಎದ್ದು ಹೋದದ್ದು ಬೆಳ್ತಂಗಡಿಯಲ್ಲಿ. ಬೆನ್ನು ನೆಟ್ಟಗೆ ಮಾಡಿ ಕೂತ್ಕೋ ನೀನು. ಏನಾಗಿತ್ತು ಅಂದ್ರೆ, ಅಜ್ಜನ ಜೊತೆ ಪೆಟ್ಟಿಗೆ ಹಿಡಿದು ನಗ್ತಾ ನಿಲ್ಲುವ ಹುಡುಗಿ ಒಬ್ಬಳಿದ್ದಳು, ಅವಳಿಗೆ ಮದುವೆಯಾಯ್ತು. ಆ ಜಾಗಕ್ಕೆ ಹೆಂಡತಿ ನಾನೇ ಬಂದೆ. ಕಾನ್ವೆಂಟಿನಲ್ಲಿ ಕಲಿತವಳು, ಮಿರಿಮಿರಿ ಬಟ್ಟೆ ಹಾಕುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಗಂಜಿ ಹಾಕಿದ ಕಾಟನ್ ಸೀರೆ, ಸೆರಗಿಗೆ ಪಿನ್ನು. ಅಜ್ಜ ಮೆಲ್ಲ, "ಸ್ವಲ್ಪ ನಗು ಮಾರಾಯ್ತಿ" ಅಂತ. "ನಗುವಂಥದ್ದು ನೀವು ಎಂಥ ಮಾಡಿದ್ದು?" ಅಂತ ನಾನು.

ಬೆಳ್ತಂಗಡಿಯಲ್ಲಿ ಜನ ಎದ್ದು ಹೋದ ಮೇಲೆ ಮತ್ತೆ ಕರೆಯುವವರೇ ಇಲ್ಲ, ಮೂಡಬಿದ್ರೆಯ ಒಂದು ಆಟ ಬಿಟ್ರೆ. ದುಬೈಯಲ್ಲಿ ನನ್ನ ಅಣ್ಣನ ಹೋಟೆಲುಂಟಲ್ಲ, ಅವನು ಫೋನ್ ಮಾಡಿ, "ಭಾವನಿಗೆ ಇಲ್ಲಿ ಹಣದ ಗಲ್ಲೆಯಲ್ಲಿ ಕೂರ್ಲಿಕ್ಕೆ ಹೇಳು. ಮೂಡಬಿದ್ರೆಯ ಆಟವೂ ಹಾಳಾದ್ರೆ ವೀಸಾ ಕಳಿಸ್ತೇನೆ" ಅಂದ. ಅಜ್ಜ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಜಾದೂ ಬಿಟ್ರೆ ಆ ಮನುಷ್ಯನಿಗೆ ಬೇರೆ ಉಸಿರಿಲ್ಲ, ಗೊತ್ತುಂಟಾ?

ಮೂಡಬಿದ್ರೆಯದ್ದು ಜೈನರ ದೊಡ್ಡ ಮನೆ, ಮೊಮ್ಮಗುವಿನ ಹುಟ್ಟುಹಬ್ಬ. ಅವರಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಆಗ್ಬೇಕು, ಹಾಗಾಗಿ ಆಟ ಮಧ್ಯಾಹ್ನವೇ. ಪೆಟ್ಟಿಗೆ ತೆರೆದು ನೋಡ್ತೇನೆ, ಅಜ್ಜನ ಹೆಸರುವಾಸಿ ಆಟದ ಸಾಮಾನು: ಖಾಲಿ ಚೀಲದಿಂದ ಮೊಟ್ಟೆ ತೆಗೆಯುವುದು! "ಇದು ಜೈನರ ಮನೆ, ತಲೆ ಉಂಟಾ ನಿಮಗೆ?" ಅಂದೆ. "ಮರದ ಮೊಟ್ಟೆ ಅಲ್ವನಾ?" ಅಂದ್ರು. "ಮರದ್ದಾದ್ರೂ ಮೊಟ್ಟೆ ಮೊಟ್ಟೆಯೇ." ಒಳಗೆ ಹೋಗಿ ಎರಡು ಲಿಂಬೆಹಣ್ಣು ಕೇಳಿ ತಂದು ಕೊಟ್ಟೆ.

ಅಜ್ಜ ಎಂದಿನ ಹಾಗೆ ಕಣ್ಣು ಮುಚ್ಚಿ, "ಓಂ ಹ್ರೀಂ ಹ್ರೂಂ" ಅಂತ ಶುರು ಮಾಡಿದ್ರು. ಮೊಟ್ಟೆಗೆ ಆ ಮಂತ್ರ ಹೇಳಿದ್ರೆ ಜನ ನಗ್ತಿದ್ರು. ಲಿಂಬೆಹಣ್ಣಿಗೆ ಹೇಳಿದ್ರೆ ಹೇಗಿರ್ತದೆ, ನೀವೇ ಹೇಳಿ. ಒಬ್ಬಳು ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಅಷ್ಟರಲ್ಲಿ ಇವರು ಆ ಮನೆಯ ಯಜಮಾನರ ಶಾಲಿನೊಳಗಿಂದ ಹಣ್ಣು ತೆಗೆದ್ರು! ಯಜಮಾನರ ತಾಯಿ, ಬೆಳ್ಳಗಿನ ಅಜ್ಜಿ, ಎದ್ದು ನಿಂತೇ ಬಿಟ್ಟರು. "ನನ್ನ ಮಗನಿಗೆ ಮಾಟ ಮಾಡಿಸಿದ್ದು ಯಾರು?"

ಅಜ್ಜನಿಗೆ ಬೆವರು. ಕೈ ಮುಗೀಲಿಕ್ಕೆ ಹೋದಾಗ ಅಂಗಿ ತೋಳಿನೊಳಗಿದ್ದ ಎರಡನೇ ಲಿಂಬೆಹಣ್ಣು ಟಪ್ಪಂತ ಕೆಳಗೆ ಬಿತ್ತು. ದುಬೈ ವಿಮಾನ ನನಗೆ ಕಣ್ಣೆದುರೇ ಕಂಡಿತು. ಅಲ್ಲ, ವಿಮಾನಕ್ಕಿಂತಲೂ ಅವರ ಮುಖ, ಅಳುವ ಹಾಗಿತ್ತು. ನನಗೆ ತಡೆಯಲಿಲ್ಲ. "ನೆಟ್ಟಗೆ ನಿಲ್ಲಿ! ತೋಳಿನಲ್ಲಿ ಇನ್ನೇನುಂಟು? ತೆಗೀರಿ ಹೊರಗೆ!" ಇವರು ಹೆದರಿ ಕೆಂಪು ಕರ್ಚೀಫು ಎಳೆದ್ರು, ಅದಕ್ಕೆ ಹಳದಿಯದ್ದನ್ನು ಗಂಟು ಹಾಕಿತ್ತು, ಅದಕ್ಕೆ ಹಸಿರು. "ಮುಗೀತಾ?" "ಇಲ್ಲ." "ಕಿಸೆಯಲ್ಲಿ?" ಕಿಸೆಯಿಂದ ಕಾಗದದ ಹೂ, ಇಸ್ಪೀಟಿನ ಕಟ್ಟು. "ನಾಚಿಕೆ ಆಗುದಿಲ್ವಾ?" ಹಿಂದೆ ಯಾರೋ ಕಿಸಕ್ಕಂದ್ರು. ಮತ್ತೆ ಇಡೀ ಅಂಗಳವೇ ನಗ್ಲಿಕ್ಕೆ ಶುರು.

ಆದ್ರೆ ಆ ಅಜ್ಜಿ ನಗ್ಲಿಲ್ಲ. "ಚೂರಿ ಕೊಡಿ, ಸಕ್ಕರೆ, ನೀರು" ಅಂದೆ. ಎಲ್ಲರ ಎದುರೇ ಆ ಎರಡೂ ಹಣ್ಣು ಕೊಯ್ದು ಹಿಂಡಿ ಶರಬತ್ತು ಮಾಡಿ, ಮೊದಲು ನಾನೇ ಗಟಗಟ ಕುಡಿದೆ. ಅಜ್ಜಿ ನನ್ನ ಮುಖವನ್ನೇ ನೋಡಿದ್ರು, ನೋಡಿದ್ರು. ನನಗೆ ಏನೂ ಆಗ್ಲಿಲ್ಲ. "ಸಕ್ಕರೆ ಕಡಿಮೆ ಉಂಟಾ?" ಅಂತ ಕೇಳಿದ್ರು. "ಸರಿ ಉಂಟು ಅಮ್ಮ." "ಹಾಗಾದ್ರೆ ನನಗೂ ಒಂದು ಲೋಟ ಕೊಡು ಮಗಾ."

ವೀಸಾ ಬರ್ಲಿಲ್ಲ. ಬಂದದ್ದು ಫೋನು, ಪೊಳಲಿಯಿಂದ, ಫರಂಗಿಪೇಟೆಯಿಂದ. "ಜಾದೂಗಾರರು ಹೇಗೂ ಬರ್ಲಿ, ಆ ಬೈಯುವ ಅಮ್ಮ ಬರ್ಲೇಬೇಕು" ಅಂತ. ಅಜ್ಜನಿಗೆ ಒಳಗೊಳಗೇ ಸ್ವಲ್ಪ ಉರಿ, ಇರ್ಲಿ. ಆದ್ರೆ ಮಕ್ಕಳೇ, ಹೆದರಿದವರ ಹತ್ತಿರ ವಾದ ಮಾಡ್ಲಿಕ್ಕೆ ಹೋಗ್ಬೇಡಿ. ಮೊದಲು ನೀವೇ ಕುಡಿದು ತೋರಿಸಿ. ಏಳಿ ಈಗ, ಕಾಲು ತೊಳೆದು ಒಳಗೆ ಬನ್ನಿ.