ಒಟ್ಟಿಗೆ ಸವೆದ ಜೋಡಿ

ಚೆನ್ನೈಯ ಪಲ್ಲಾವರಂನಲ್ಲಿ ಹಳೇ ಸಾಮಾನಿನ ಸಂತೆಯೆದುರು, ಹೋಟೆಲು ನಡೆಸುವ ದಂಪತಿ ಬಸ್ಸಿಗೆ ಕಾಯುತ್ತಿದ್ದರು. ಗಂಡನ ತೊಡೆಯ ಮೇಲೆ ಗ್ರೀಸು ಮೆತ್ತಿದ ಚೀಲ.

"ನಿನ್ನಪ್ಪನ ಹಳೇ ಕಾರಿಗೆ ಹಿಂದಿನ ಎರಡೂ ಚಕ್ರಕ್ಕೆ ಬಲ ಕೊಡುವ ಹೊಸ ಡಿಫರೆನ್ಷಿಯಲ್ ಬಂತು ವಾಸಂತಿ. ಇನ್ನು ಮರಳಲ್ಲಿ ಒಂದೇ ಚಕ್ರ ಸುಮ್ಮನೆ ತಿರುಗುದಿಲ್ಲ. ಈ ಸಣ್ಣ ಗೇರೊಂದು ಬಾಕಿಯಿತ್ತು, ಸಿಕ್ಕಿತು!"

"ನಾಡಿದ್ದು ಅಪ್ಪನಿಗೆ ಎಂಬತ್ತು. ಅದರಲ್ಲೇ ಬೀಚಿಗೆ ಹೋಗ್ಬೇಕಂತೆ. ಓಡ್ತದಾ?"

"ಓಡದೆ ಎಂತ?"

"ಇದರ ಜೋಡಿ, ದೊಡ್ಡ ಗೇರು?"

"ಹಳತೇ ಉಂಟಲ್ಲ."

"ಹೌದಾ ಮಾರಾಯ್ರೆ? ಗ್ರೈಂಡರಿನ ಗುಂಡುಕಲ್ಲು ಮಾತ್ರ ಬದಲಿಸಿದ ನಮ್ಮ ಅಡುಗೆ ಭಟ್ರಿಗೆ ಬೈದದ್ದು ಯಾರು?"

"ನಾನು."

"ಎಂತ ಹೇಳಿ?"

"ಒಟ್ಟಿಗೆ ಸವೆದ ಜೋಡಿ ಅಗಲಿಸಿದ್ರೆ ಹಿಟ್ಟಲ್ಲಿ ಕಲ್ಲು ಬರ್ತದೆ ಅಂತ."

"ಇಲ್ಲಿ ಎಂತ ಬರ್ತದೆ?"

"ಮೊದಲು ಆಕ್ಸಲಿನ ಕಿರುಚಾಟ. ಮತ್ತೆ ಮಾವನದ್ದು."

ಬಸ್ಸು ಬಂತು. ಇಬ್ಬರೂ ಅದನ್ನು ಬಿಟ್ಟು, ಚೀಲದ ಒಂದೊಂದು ಕಿವಿ ಹಿಡಿದುಕೊಂಡು, ಸಣ್ಣ ಗೇರು ಸಿಕ್ಕಿದ ಅಂಗಡಿಯಲ್ಲೇ ಅದರ ಜೋಡಿ ದೊಡ್ಡ ಗೇರು ಹುಡುಕಲು ಸಂತೆಯೊಳಕ್ಕೆ ಓಡಿದರು.