ಬಾಡಿಗೆ ಕಾರಿನ ಟಾಪು

ಬಾಗಿಲು ಹಾಕು. ಚಿಲಕಾನೂ ಹಾಕು... ಹಾಂ, ಈಗ ಕೂತ್ಕೋ. ಮೊದಲು ನೀರು ಕುಡಿ. ಏನಾಯ್ತು? ಬರ್ತಾ ಬಾವಿ ಹತ್ರ ಏನೋ ಸದ್ದಾಯ್ತಾ? ಅಯ್ಯೋ, ಅಷ್ಟಕ್ಕೇ ಹಿಂಗೆ ಏದುಸಿರಾ! ನಾನು ದಿನಾ ಕೆಲಸ ಮುಗಿಸಿ ಕತ್ತಲಾದ ಮೇಲೆ ಅದೇ ಬಾವಿ ಪಕ್ಕ ನಡ್ಕೊಂಡು ಬರ್ತೀನಿ. ಕಪ್ಪೆ ಹಾರಿದ್ರೆ 'ಪ್ಲಪ್' ಅನ್ನುತ್ತೆ. ಕಲ್ಲು ಜಾರಿದ್ರೆ 'ಗುಳುಂ' ಅನ್ನುತ್ತೆ. ಆ ಬಾವಿ ಇದುವರೆಗೆ ಯಾರಿಗೂ ಏನೂ ಮಾಡಿಲ್ಲ.

ಹೆದರೋದಾದ್ರೆ ಹೆದರಬೇಕಾದ್ದಕ್ಕೆ ಹೆದರು. ಹತ್ರ ಬಾ, ಹೇಳ್ತೀನಿ. ಮೆಲ್ಲಗೆ... ಒಳಗೆ ನಿಮ್ಮ ಮಾವ ಮಲಗಿದ್ದಾರೆ. ಈ ವಿಷಯ ಎತ್ತಿದ್ರೆ ಅವರಿಗೆ ಆಗಲ್ಲ. ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಅಂತ ತಿಳ್ಕೋಬೇಡ. ನನ್ನ ಒಡಹುಟ್ಟಿದ ತಂಗಿಗೆ ಆಗಿದ್ದು. ದೆವ್ವ ಅಂದ್ರೆ ಅಮಾವಾಸ್ಯೆ, ನಡುರಾತ್ರಿ ಅಂತೀರಲ್ಲ... ಇದು ಆಗೋವಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ ಕಣೇ.

ತಂಗಿ ಗಂಡ ಗೊತ್ತಲ್ಲ, ಕಾರಿನ ಸೀಟು ಹೊಲಿಯೋನು. ಕಾಲರಿನಲ್ಲಿ ಯಾವಾಗ್ಲೂ ಒಂದು ದಪ್ಪ ಸೂಜಿ ಚುಚ್ಕೊಂಡಿರ್ತಿದ್ದ. ಅದಕ್ಕೇ ಎಲ್ಲರ ಬಾಯಲ್ಲೂ 'ಸೂಜಿ'. ಕೆಲಸದಲ್ಲಿ ಬಲು ಮೊಂಡ. ಊಟಕ್ಕೆ ಕರೆದೋರ ಮನೆಯಲ್ಲಿ ಸೋಫಾ ಹೊಲಿಗೆ ಸೊಟ್ಟ ಇದ್ರೆ, ತಟ್ಟೆ ಪಕ್ಕಕ್ಕಿಟ್ಟು ಬಿಚ್ಚೋಕೆ ಕೂರ್ತಿದ್ದ. ಅವಳಿಗೋ, ಎಲ್ಲಿ ಹೋದ್ರೂ ನಾಚಿಕೆ. ಆದ್ರೂ ಇಬ್ಬರೂ ಚೆನ್ನಾಗಿದ್ರು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಕೊನೆಗೂ ಮನಸ್ಸು ಮಾಡಿ ರಜಕ್ಕೆ ಅಂತ ಸಮುದ್ರದ ಊರಿಗೆ ಹೋದ್ರು. ಅವನಿಗೆ ಒಂದೇ ಆಸೆ. ಟಾಪು ಮಡಚೋ ಕಾರು ಬರುತ್ತಲ್ಲ, ಸ್ಪೋರ್ಟ್ಸ್ ಕಾರು... ಬಟನ್ ಒತ್ತಿದ್ರೆ ಮೇಲಿನ ಬಟ್ಟೆ ಮಡಚ್ಕೊಂಡು ಸೀಟಿನ ಹಿಂದಿರೋ ಡಬ್ಬದೊಳಗೆ ಹೋಗಿ ಕೂರುತ್ತೆ. ಅಂಥ ಎಷ್ಟೋ ಟಾಪು ಇವನೇ ಹೊಲಿದಿದ್ದ. ಒಂದರಲ್ಲೂ ಕೂತು ರಸ್ತೆ ಕಂಡವನಲ್ಲ. "ಒಂದು ದಿನ ಕಣೇ, ಒಂದೇ ದಿನ ಸಾಹೇಬ್ರ ಥರ ಓಡಿಸ್ತೀನಿ" ಅಂದ. ಇವಳೂ ಹೂಂ ಅಂದ್ಲು.

ಬಾಡಿಗೆಗೆ ಕೊಡೋನ ಅಂಗಳದಲ್ಲಿ ಒಂದು ಕೆಂಪು ಕಾರಿತ್ತಂತೆ. ಮುಂದೆ ಎರಡು ಸೀಟು, ಹಿಂದೆ ಮಕ್ಕಳಷ್ಟೇ ಕೂರಬಹುದಾದ ಒಂದು ಚೂರು ಜಾಗ. ಅವನು ಬೀಗದ ಕೈ ಕೊಟ್ಟ, ಆದ್ರೆ ಕೈಯಿಂದ ಬಿಡಲಿಲ್ಲ. "ಸಾರ್, ಟಾಪು ಕೆಟ್ಟಿದೆ. ಬಿಸಿಲಾದ್ರೂ ಸರಿ, ಮಳೆ ಬಂದ್ರೂ ಸರಿ... ಎತ್ತಬೇಡಿ" ಅಂದ. "ನೆನೆದು ತೊಪ್ಪೆ ಆಗ್ಲಾ?" ಅಂತ ತಂಗಿ ನಕ್ಕಳು. ಅವನು ನಗಲಿಲ್ಲ. "ಆಗಿ ಅಮ್ಮಾ. ಆದ್ರೆ ಎತ್ತಬೇಡಿ. ದಾರೀಲಿ ಜಾಸ್ತಿ ಹೊತ್ತು ನಿಲ್ಲಿಸಲೂಬೇಡಿ" ಅಂದ. ಗಾಡಿ ಅಂಗಳ ದಾಟೋವರೆಗೂ ಅವನು ಗೋಡೆ ಕಡೆ ಮುಖ ಮಾಡ್ಕೊಂಡೇ ನಿಂತಿದ್ದನಂತೆ.

ಆಮೇಲೆ ಇಡೀ ದಿನ ಖುಷಿಯೋ ಖುಷಿ. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ. ಇವಳ ಕೂದಲೆಲ್ಲ ಹಾರಿ ಅವನ ಬಾಯಿಗೆ ಹೋಗ್ತಿತ್ತು. "ಕಟ್ಕೊಳ್ಳೇ, ಊಟದ ಬದಲು ನಿನ್ನ ಕೂದಲೇ ತಿಂತಾ ಇದ್ದೀನಿ" ಅಂತ ಬೈತಿದ್ದ. ಸಂಜೆ ಮುಂದೆ ಗುಡ್ಡದ ನೆತ್ತಿ ಮೇಲೆ ಗಾಡಿ ನಿಲ್ಲಿಸಿದ್ರು, ಸಮುದ್ರ ನೋಡೋಕೆ. ಇವಳು ಸಮುದ್ರ ನೋಡಿದ್ಲು. ಆ ಮಹಾನುಭಾವ ಹಿಂದೆ ತಿರುಗಿ ಹೊಲಿಗೆ ನೋಡಿದ.

ಮಡಚಿಟ್ಟ ಟಾಪಿನ ಮೇಲೆ ಒಂದು ಕವರು ಇರುತ್ತೆ, ಗುಂಡಿ ಹಾಕೋದು. ಇಲ್ಲಿ ಗುಂಡಿ ಇರಲಿಲ್ಲ. ಕವರು, ಟಾಪು, ಡಬ್ಬದ ಅಂಚು, ಮೂರನ್ನೂ ಸೇರಿಸಿ ಸುತ್ತಲೂ ಹೊಲಿದುಬಿಟ್ಟಿದ್ರು. ಹಗ್ಗದಷ್ಟು ದಪ್ಪ ದಾರ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಮೂಟೆ ಹೊಲಿದಂಗೆ. ಅದರ ಮೇಲೆ ಇನ್ನೊಂದು ಸುತ್ತು. ಅದರ ಮೇಲೆ ಮತ್ತೊಂದು.

"ಥೂ, ಯಾವನೇ ಇದನ್ನ ಹೊಲಿದೋನು? ಇಂಥ ಗಾಡಿಗೆ ಇಂಥ ಕೈ ಹಾಕೋಕೆ ಮನಸ್ಸಾದ್ರೂ ಹೆಂಗೆ ಬಂತು!"

"ರೀ, ಸುಮ್ನಿರಿ. ಬೇರೆಯವರ ಗಾಡಿ."

"ಬಿಚ್ಚಿ ನೀಟಾಗಿ ಹಾಕಿಕೊಡ್ತೀನಿ ಕಣೇ. ಆ ಪುಣ್ಯಾತ್ಮ ನೋಡಿ ಕೈ ಮುಗೀತಾನೆ."

ಜೇಬಿನಲ್ಲಿ ಬ್ಲೇಡು ಇದ್ದೇ ಇರುತ್ತಲ್ಲ. ಶುರು ಮಾಡೇಬಿಟ್ಟ. ಟಕ್... ಟಕ್... ಒಂದೊಂದೇ ದಾರ. ಅರ್ಧ ಬಿಚ್ಚೋವಷ್ಟರಲ್ಲಿ ಉಳಿದ ದಾರ ತಾನಾಗೇ 'ಸರ್ರ್' ಅಂತ ಜಾರಿ ಹೊರಗೆ ಬಂತಂತೆ. ಇವನು ಎಳೀಲೇ ಇಲ್ಲ. ಬಟ್ಟೆ ಒಳಗಡೆಯಿಂದ ಸಣ್ಣಗೆ... ಕರ್... ಕರ್... ಉಗುರಲ್ಲಿ ಕೆರೆದ ಹಾಗೆ. "ಇಲಿ ಸೇರ್ಕೊಂಡಿದೆ" ಅಂದ. ಇಲಿಯಂತೆ, ಇಲಿ! ತಲೇಲಿ ಹೊಲಿಗೆ ಬಿಟ್ರೆ ಬೇರೆ ಏನಾದ್ರೂ ಇದ್ರಲ್ವಾ ಹೊಳೆಯೋದು?

ಅಷ್ಟಕ್ಕೇ ಬಿಟ್ನಾ? ಕೆಟ್ಟಿದೆ ಅಂದ್ರಲ್ಲ, ನೋಡೋಣ ಅಂತ ಬಟನ್ ಒತ್ತಿದ. ಮೋಟಾರು 'ಗೊಂಯ್ಯ್' ಅಂತು. ಟಾಪು ಬೆಣ್ಣೆ ಥರ ಎದ್ದು ಬಂದು, ಅವರ ತಲೆ ಮೇಲೆ ಕೂತು, 'ಠಕ್' ಅಂತ ಲಾಕ್ ಆಯ್ತು. ಏನೂ ಕೆಟ್ಟಿರಲಿಲ್ಲ. ಗಾಳಿ ಬೇರೆ ತಣ್ಣಗಾಗ್ತಿತ್ತು. ಮುಚ್ಚಿರೋದೇ ಒಳ್ಳೇದಾಯ್ತು ಅಂತ ಹಂಗೇ ವಾಪಸ್ ಹೊರಟ್ರು.

ಗುಡ್ಡ ಇಳಿಯೋ ದಾರಿ. ಒಂದರ ಹಿಂದೆ ಒಂದು ತಿರುವು. ಗಾಡಿ ಒಳಗೆ ಪೂರ್ತಿ ನಿಶ್ಶಬ್ದ. ಅಷ್ಟರಲ್ಲಿ ಇವಳ ಸೀಟಿಗೆ ಹಿಂದಿನಿಂದ... ಡುಬ್. ಸ್ವಲ್ಪ ಹೊತ್ತು ಬಿಟ್ಟು... ಡುಬ್. ಡುಬ್.

"ರೀ, ನನ್ನ ಸೀಟಿಗೆ ಒದೀಬೇಡಿ."

"ನಾನು ಓಡಿಸ್ತಾ ಇದ್ದೀನಿ ಕಣೇ. ನಿನ್ನ ಸೀಟಿನ ಹಿಂದಕ್ಕೆ ಹೆಂಗೆ ಒದೀಲಿ?"

ಮತ್ತೆ... ಡುಬ್. ಮಕ್ಕಳನ್ನ ಹಿಂದೆ ಕೂರಿಸ್ಕೊಂಡು ಹೋದೋರಿಗೆ ಗೊತ್ತಿರುತ್ತೆ, ಪುಟ್ಟ ಹಿಮ್ಮಡಿಯ ಸದ್ದು ಅದು. ಇವಳಿಗೆ ತಿರುಗಿ ನೋಡೋ ಧೈರ್ಯ ಬರಲಿಲ್ಲ. ಕಿವಿ ಹತ್ರ ಬಿಸಿ ಉಸಿರು. ಆಮೇಲೆ ಪಿಸುಮಾತು, ಆಟ ಆಡೋವಾಗ ಮಕ್ಕಳು ಅವಿತುಕೊಂಡು ಮಾತಾಡ್ತಾವಲ್ಲ ಹಂಗೆ.

"ಅಪ್ಪಾ... ತೆಗೀಬೇಡ. ನಾನಿಲ್ಲೇ ಇದ್ದೀನಿ..."

ಇಬ್ಬರಿಗೂ ಕೇಳಿಸಿದೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದ್ದೀನಿ, ಒಂದಕ್ಷರ ಆಚೀಚೆ ಇಲ್ಲ. ಸೂಜಿಗೆ ಬೆಳಕು ಬೇಕು, ಗಾಳಿ ಬೇಕು, ಅಷ್ಟೇ ತೋಚಿದ್ದು. ಟಾಪು ತೆಗೆಯೋಣ ಅಂತ ಬಟನ್ ಒತ್ತಿದ.

ಒತ್ತಿದ್ದೇ ತಡ, ಒಂದು ಕಿರುಚು! ತಂಗಿ ಹೇಳ್ತಾಳೆ, ಅಂಥ ಕಿರುಚು ಹುಟ್ಟಿದಾಗಿನಿಂದ ಕೇಳಿರಲಿಲ್ಲ ಅಂತ. ಸೀಟಿನ ಎರಡೂ ಕಡೆಯಿಂದ ಎರಡು ಪುಟ್ಟ ಕೈ ಬಂದು ಇವಳ ಕುತ್ತಿಗೆ ಹಿಡಿದ್ವು. ಪುಟ್ಟ ಕೈ ಅಂದ್ನಲ್ಲ, ಹಿಡಿತ ಕಬ್ಬಿಣ. ಹಿಂದಕ್ಕೆ ಎಳೆದ ರಭಸಕ್ಕೆ ಸೀಟಿನ ಬೆನ್ನು 'ಲಟ್' ಅಂತ ಮುರಿದು ಬಿತ್ತು. ಇವಳ ತಲೆ ಡಬ್ಬದ ಬಾಯಿಗೆ ಹೋಯ್ತು. ಮೇಲಿನಿಂದ ಟಾಪಿನ ಕಬ್ಬಿಣದ ಪಟ್ಟಿಗಳು ಮಡಚ್ಕೊಳ್ತಾ, ಮಡಚ್ಕೊಳ್ತಾ, ಅದೇ ಜಾಗಕ್ಕೆ ಇಳೀತಾ ಇದ್ವು.

ಗಾಡಿ ಅಂಚಿನ ಗೋಡೆಗೆ 'ಕರ್ರ್ರ್' ಅಂತ ಉಜ್ಕೊಂಡು ಹೋಗಿ ಗುದ್ದಿ ನಿಂತಿತು. ಮುಂದಿನ ಗಾಜು ಪುಡಿಯಾಗಿ ಸೂಜಿಯ ಮುಖಕ್ಕೆ ಬಡೀತು, ಒಂದು ಕಣ್ಣು ತುಂಬ ರಕ್ತ. ಬಟನ್ನನ್ನ ಮೇಲಕ್ಕೆ ಎಳೆದ, ಕೆಳಕ್ಕೆ ಒತ್ತಿದ. ಮೋಟಾರು ನಿಲ್ಲಲಿಲ್ಲ. ಬ್ಲೇಡು ತೆಗೆದು ಆ ಪುಟ್ಟ ಕೈಗಳ ಮೇಲೆ ಬೀಸಿದ. ಹೊಗೆಯಲ್ಲಿ ಬೀಸಿದ ಹಾಗೆ ದಾಟಿ ಹೋಗಿ ಇವಳ ಭುಜ ಸೀಳ್ತು. ಮತ್ತೆ ಬೀಸಿದ, ಮತ್ತೆ ಇವಳ ಮೈಯೇ ಸೀಳ್ತು. ಅವಳ ನಾಲಿಗೆ ಹೊರಗೆ ಬಂದಿತ್ತು. ಕಾಲು ಡ್ಯಾಶ್‌ಬೋರ್ಡಿಗೆ ದಬದಬ ಬಡೀತಿತ್ತು, ಆಮೇಲೆ ಅದೂ ನಿಧಾನ ಆಯ್ತು.

ಆಗ ಅವನು ತನ್ನ ಎಡಗೈಯನ್ನ ಆ ಮಡಚೋ ಕೀಲಿನ ಮಧ್ಯೆ ತುರುಕಿದ. ಬೇಕಂತಲೇ. ಹೊಲಿಯೋನಿಗೆ ಕೈ ಅಂದ್ರೆ ಏನು ಅಂತ ಯೋಚನೆ ಮಾಡು. ಕಬ್ಬಿಣ ಕಚ್ಚಿತು. ಮೋಟಾರು ತಿಣುಕ್ತು... ಗೊಂಯ್... ಗೊಂಯ್... ಮೂಳೆ 'ಪಟ್' ಅಂತು. ಮತ್ತೆ 'ಪಟ್'. ಆದ್ರೂ ಕೈ ತೆಗೀಲಿಲ್ಲ ಪುಣ್ಯಾತ್ಮ. ಅಳ್ತಾ ಅಳ್ತಾ ಕೂಗಿದ, "ತೆಗೆಯಲ್ಲ ಕಂದಾ, ಇನ್ನು ತೆಗೆಯಲ್ಲ! ಅಪ್ಪ ತೆಗೆಯಲ್ಲ!"

ಮೋಟಾರು ನಿಂತಿತು. ಒಂದು ಕೈ ಸಡಿಲ ಆಯ್ತು... ಆಮೇಲೆ ಇನ್ನೊಂದು. ಯಾರೋ ಲಾರಿಯವರು ಬಂದು ಕಬ್ಬಿಣ ಕತ್ತರಿಸಿ ಇಬ್ಬರನ್ನೂ ಹೊರಗೆ ತೆಗೆದ್ರು.

ನಾನು ಆಸ್ಪತ್ರೆ ಮುಟ್ಟೋ ಹೊತ್ತಿಗೆ ಅವನ ಎಡಗೈ ಮೊಣಕೈವರೆಗೆ ತೆಗೆದುಬಿಟ್ಟಿದ್ರು. ಅವಳಿಗೆ ಗಂಟಲಲ್ಲಿ ಕೊಳವೆ, ಮಾತಿಲ್ಲ. ಬಾಗಿಲಲ್ಲಿ ಪೊಲೀಸಪ್ಪ. ಭುಜದಲ್ಲಿ ಬ್ಲೇಡಿನ ಗಾಯ, ಕುತ್ತಿಗೆಯಲ್ಲಿ ಬೆರಳಿನ ಗುರುತು, ಇನ್ನೇನು ಬೇಕು? "ಗಂಡನೇ ಮಾಡಿದ್ದು" ಅಂತ ಅವನ ಲೆಕ್ಕಾಚಾರ. ನನಗೆ ಉರಿದುಹೋಯ್ತು. "ಹೆಂಡ್ತಿನ ಕೊಲ್ಲೋನು ತನ್ನ ಕೈ ಯಾಕ್ರೀ ಕತ್ತರಿಸ್ಕೋತಾನೆ?" ಅಂತ ಆಸ್ಪತ್ರೆ ಅನ್ನೋದೂ ನೋಡದೆ ಕೂಗಾಡಿದೆ. ಆ ಪೊಲೀಸಪ್ಪ ಸೂಜಿಯ ಮಂಚಾನ ತಳ್ಳಿಸಿಕೊಂಡು ಬಂದು, ಉಳಿದ ಬಲಗೈಯನ್ನ ತಂಗಿಯ ಕುತ್ತಿಗೆಯ ಗುರುತಿನ ಮೇಲೆ ಇಡಿಸಿ ನೋಡಿದ. ನೋಡ್ತಾನೇ ನಿಂತ. ಗುರುತು ಸೂಜಿಯ ಅಂಗೈಯಲ್ಲೇ ಮುಚ್ಚಿಹೋಗ್ತಿತ್ತು, ಅಷ್ಟು ಚಿಕ್ಕದು. ನನ್ನ ಕಡೆ ತಿರುಗಿ ಪಿಸುಗುಟ್ಟಿದ, "ಗಾಡೀಲಿ ಮಗು ಇತ್ತಾ ಅಮ್ಮಾ?" ಇವರಿಗೆ ಮಕ್ಕಳೇ ಇಲ್ಲ ಅಂದೆ.

ಕಾರು ಬಾಡಿಗೆಗೆ ಕೊಟ್ಟೋನು ಬೆಳಗ್ಗೆ ಬಂದ. ಮೆಟ್ಟಿಲ ಮೇಲೇ ಹಿಡ್ಕೊಂಡೆ. ಕೇಳಿದ್ದಕ್ಕೆ ತಲೆ ತಗ್ಗಿಸಿ ಹೇಳಿದ. ಕಣ್ಣಾಮುಚ್ಚಾಲೆ ಆಡೋವಾಗ ಒಂದು ಮಗು ಆ ಡಬ್ಬದಲ್ಲಿ ಹೋಗಿ ಅವಿತುಕೊಂಡಿತ್ತಂತೆ. ಅಪ್ಪ ನೋಡಲಿಲ್ಲ. ಗಾಡಿ ಹತ್ತಿ, ಟಾಪು ತೆಗೆಯೋಕೆ ಬಟನ್ ಒತ್ತಿದ. "ತೆಗೀಬೇಡ ಅಪ್ಪಾ" ಅಂತ ಕೇಳಿಸ್ತು, ಆದ್ರೆ ಆಟಕ್ಕೆ ಕೂಗ್ತಿದೆ ಅಂದ್ಕೊಂಡ...

"ಅಂಥ ಗಾಡಿನ ಸುಡೋದು ಬಿಟ್ಟು ಬಾಡಿಗೆಗೆ ಬಿಟ್ಯಾ!" ಅಂತ ಕೆನ್ನೆಗೆ ಬಾರಿಸಿದೆ. ಇನ್ನೊಂದು ಬಾರಿಸಿದೆ. ಅವನು ಕೈ ಅಡ್ಡ ತರಲಿಲ್ಲ.

"ಗಾಡಿ ಓಡ್ತಾ ಇದ್ರೆ ಮಗು ಮಲಗಿರುತ್ತೆ ಅಕ್ಕಾ. ನಿಲ್ಲಿಸಿಟ್ರೆ ರಾತ್ರಿಯೆಲ್ಲ ಅಳುತ್ತೆ. ನನಗೆ ಅದರಲ್ಲಿ ಕೂರೋಕೆ ಆಗಲ್ಲ... ಯಾರಾದ್ರೂ ಓಡಿಸ್ಲಿ ಅಂತ..."

"ಯಾರ ಮಗುನೋ ಅದು?"

ತನ್ನ ಎದೆ ಮೇಲೆ ಕೈ ಇಟ್ಟು ತೋರಿಸಿದ. ಮತ್ತೆ ಹೊಡೆಯೋಕೆ ಎತ್ತಿದ ನನ್ನ ಕೈ ಹಂಗೇ ನಿಂತುಹೋಯ್ತು. ಇಬ್ಬರೂ ಆ ಮೆಟ್ಟಿಲ ಮೇಲೆ ಕೂತು ಅತ್ವಿ.

ಕಾರನ್ನ ಅವನು ಅದೇ ವಾರ ಸುಟ್ಟ. ಪೂರ್ತಿ ಬೂದಿ ಆಗೋವರೆಗೂ ನಾನೇ ನಿಂತು ನೋಡಿದ್ದೀನಿ. ಸೂಜಿ ಈಗ ಅಂಗಡೀಲಿ ಕೂತು ಬೇರೆಯವರ ಕೈಲಿ ಹೊಲಿಸ್ತಾನೆ. ತಂಗಿಯ ಗಂಟಲು ವಾಸಿ ಆಯ್ತು, ಭುಜದ ಗಾಯವೂ ಮಾಯ್ತು. ಕುತ್ತಿಗೆಯ ಗುರುತು ಮಾತ್ರ ಹೋಗಲಿಲ್ಲ. ಮುಲಾಮು ಹಚ್ಚಿದ್ದಾಯ್ತು, ದೊಡ್ಡ ಡಾಕ್ಟರಿಗೆ ತೋರಿಸಿದ್ದಾಯ್ತು. "ಚರ್ಮಕ್ಕೆ ಏನೂ ಆಗಿಲ್ಲ" ಅಂತಾರೆ. ಅವಳೂ ಕೇಳೋದು ಬಿಟ್ಟಿದ್ದಾಳೆ.

ನಂಬೋದಾದ್ರೆ ನಂಬು, ಬಿಟ್ರೆ ಬಿಡು. ಹೋದ ವಾರ ಬಂದಿದ್ಲಲ್ಲ, ಇದೇ ದೀಪದ ಕೆಳಗೆ ಅವಳ ತಲೆ ಬಾಚ್ತಾ ಇದ್ದೆ. ಕೂದಲು ಎತ್ತಿ ಸುಮ್ಮನೆ ನನ್ನ ಕೈಯನ್ನ ಆ ಗುರುತಿನ ಮೇಲೆ ಇಟ್ಟು ನೋಡಿದೆ, ಬೆರಳಿಗೆ ಬೆರಳು ಕೂಡಿಸಿ. ಈಗ ಅದು ನನ್ನ ಕೈಗಿಂತ ದೊಡ್ಡದಿದೆ.